ಹಪ್ಪಳ ಒಣಗುವ ಬಿಸಿಲು: ಬಸುರಿನಲ್ಲಿ ವಿಟಮಿನ್ ಡಿ ನೋಡಿಕೊಳ್ಳುವುದು ಹೇಗೆ

ನನ್ನ ಮೊದಲ ಮಗ 34ನೇ ವಾರಕ್ಕೇ ಹುಟ್ಟಿದ. ಜುಲೈ ತಿಂಗಳು. ಉಡುಪಿಯಲ್ಲಿ ಹತ್ತು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮಗುವಿನ ತೂಕ 1,950 ಗ್ರಾಂ. ಹನ್ನೊಂದು ದಿನ ಅವನು ಎನ್‌ಐಸಿಯು (ಎಳೆಗೂಸುಗಳ ತೀವ್ರ ನಿಗಾ ಘಟಕ) ಒಳಗೆ, ನಾನು ಹೊರಗಿನ ಬೆಂಚಿನ ಮೇಲೆ. ಎರಡು ತಿಂಗಳ ನಂತರ ಮೈಕೈ ನೋವು ಎಂದು ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 11 ಎಂದು, ಅಂದರೆ ತುಂಬಾ ಕಡಿಮೆ ಎಂದು ಬಂತು. "ಅದಕ್ಕೇ ಮಗು ಬೇಗ ಹುಟ್ಟಿದ್ದು" ಎಂದು ಮನೆಗೆ ಬಂದವರೆಲ್ಲ ಹೇಳಿದರು. ನಾನೂ ಅದನ್ನೇ ನಂಬಿ ತುಂಬಾ ದಿನ ನನ್ನನ್ನೇ ಬೈದುಕೊಂಡೆ.

ಎರಡನೇ ಬಸುರಿಗೆ 39 ವಾರ ತುಂಬಿತು. ಅದು ವಿಟಮಿನ್ ಡಿಯಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಒಬ್ಬಳ ಎರಡು ಹೆರಿಗೆಯಿಂದ ಯಾವುದೂ ಸಾಬೀತಾಗುವುದಿಲ್ಲ. ಆದರೆ ಆ ಒಂಬತ್ತು ತಿಂಗಳಲ್ಲಿ ಓದಿ, ಡಾಕ್ಟರನ್ನು ಕೇಳಿ, ತಪ್ಪು ಮಾಡಿ ಕಲಿತದ್ದು ಬೇಕಾದಷ್ಟಿದೆ. ಮಂಗಳೂರು, ಉಡುಪಿ ಕಡೆ ಈಗ ಬಸುರಿಯಾಗಿರುವ ಅಕ್ಕತಂಗಿಯರಿಗಾಗಿ ಅದನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ಸಂಬಂಧ ಎಷ್ಟರಮಟ್ಟಿಗೆ ಇದೆ ಎಂದು ತಿಳಿದುಕೊಳ್ಳಿ

37 ವಾರ ತುಂಬುವ ಮೊದಲೇ ಮಗು ಹುಟ್ಟಿದರೆ ಅದು ಅವಧಿಗೆ ಮುಂಚಿನ ಹೆರಿಗೆ. 2020ರಲ್ಲಿ ಇಡೀ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1.34 ಕೋಟಿ. ಅದರಲ್ಲಿ 30 ಲಕ್ಷದಷ್ಟು ನಮ್ಮ ದೇಶದವು.

ವಿಟಮಿನ್ ಡಿ ಎಂದರೆ ಮೂಳೆಗೆ ಬೇಕಾದದ್ದು ಎಂದಷ್ಟೇ ನಾವು ಕೇಳಿರುತ್ತೇವೆ. ಗರ್ಭಕೋಶಕ್ಕೂ ಮಾಸಿಗೂ ಅದು ಬೇಕು. ಸೋಂಕು, ಉರಿಯೂತ ಹತೋಟಿ ಮೀರದಂತೆ ನೋಡಿಕೊಳ್ಳುವ ಕೆಲಸದಲ್ಲಿ ಅದಕ್ಕೆ ಪಾಲಿದೆ. ಹೆರಿಗೆ ನೋವು ಬೇಗ ಶುರುವಾಗಲು ಗರ್ಭದೊಳಗಿನ ಉರಿಯೂತವೂ ಒಂದು ಕಾರಣ. ಹಾಗಾಗಿ ಇವೆರಡಕ್ಕೂ ನಂಟಿದೆಯಾ ಎಂದು ತುಂಬಾ ವರ್ಷಗಳಿಂದ ಹುಡುಕುತ್ತಿದ್ದಾರೆ. ಅಮೆರಿಕದ ಚಾರ್ಲ್‌ಸ್ಟನ್ ಊರಿನ ಒಂದು ಆಸ್ಪತ್ರೆಯ ಸಾವಿರಕ್ಕೂ ಹೆಚ್ಚು ಬಸುರಿಯರ ಲೆಕ್ಕ 2017ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಡಿ (ನ್ಯಾನೋಗ್ರಾಂ ಲೆಕ್ಕದಲ್ಲಿ) 40 ಅಥವಾ ಅದಕ್ಕಿಂತ ಮೇಲೆ ಇದ್ದವರಲ್ಲಿ, 20ಕ್ಕಿಂತ ಕೆಳಗಿದ್ದವರಿಗೆ ಹೋಲಿಸಿದರೆ, ಬೇಗ ಹೆರಿಗೆಯಾಗುವ ಸಂಭವ ಶೇಕಡಾ 60ರಷ್ಟು ಕಡಿಮೆ ಇತ್ತು.

ಕೇಳಿದರೆ ಈಗಲೇ ಮಾತ್ರೆ ನುಂಗೋಣ ಅನಿಸುತ್ತದೆ, ಅಲ್ವಾ? ನನಗೂ ಅನಿಸಿತ್ತು. ಆದರೆ ಹೊರಗೆ ಓಡಾಡುವ, ಚೆನ್ನಾಗಿ ತಿನ್ನುವ, ಆರೋಗ್ಯವಾಗಿರುವ ಹೆಂಗಸಿನ ರಕ್ತದಲ್ಲಿ ಡಿ ತಾನಾಗಿಯೇ ಜಾಸ್ತಿ ಇರುತ್ತದೆ. ಅವಳಿಗೆ ದಿನ ತುಂಬಿ ಹೆರಿಗೆಯಾಗಲು ಬೇರೆ ಕಾರಣಗಳೂ ಇರುತ್ತವೆ. ಕೆಲವರಿಗೆ ಮಾತ್ರೆ, ಕೆಲವರಿಗೆ ಬರೀ ಹುಸಿ ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳನ್ನು 2019ರಲ್ಲಿ ಕಾಕ್ರೇನ್ ಎಂಬ ಸಂಶೋಧಕರ ಜಾಲದ ಪರಿಶೀಲನೆ ಒಟ್ಟು ಮಾಡಿ ತೂಗಿತು. ಬಸುರಿನ ಬಿಪಿ ತೊಂದರೆ, ಬಸುರಿನ ಸಕ್ಕರೆ ಕಾಯಿಲೆ, ಮಗುವಿನ ತೂಕ ಕಡಿಮೆಯಾಗುವುದು, ಇವು ತಗ್ಗುವ ಸೂಚನೆ ಕಂಡಿತು. ಬೇಗ ಹೆರಿಗೆಯಾಗುವುದರಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಬಸುರಿಯರಿಗೂ ಇದನ್ನು ಕೊಡಬೇಕಾಗಿಲ್ಲ ಎಂದು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಬಸುರಿನಲ್ಲಿ ಕೊಡುವುದು ಒಳ್ಳೆಯದು, ಆದರೆ ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡುವ ಅಗತ್ಯ ಇಲ್ಲ ಎಂದು 2024ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿ (ಹಾರ್ಮೋನ್ ತಜ್ಞರ ಸಂಘ) ಹೇಳಿತು.

ತಿಳಿದವರೇ ಹೀಗೆ ಬೇರೆ ಬೇರೆ ಹೇಳುವಾಗ ನಾವು ಏನು ಮಾಡುವುದು? ನಾನು ತಲುಪಿದ ತೀರ್ಮಾನ ಇಷ್ಟು: ದಿನಕ್ಕೆ ಬೇಕಾದಷ್ಟು ಡಿ, ಮೊದಲ ತಿಂಗಳುಗಳಿಂದಲೇ, ತಪ್ಪದೆ ಒಳಗೆ ಹೋಗಬೇಕು. 40 ಮುಟ್ಟಲೇಬೇಕು ಎಂದು ದೊಡ್ಡ ಡೋಸಿನ ಹಿಂದೆ ಓಡಬಾರದು.

ತಾಯಿ ಕಾರ್ಡ್ ಮತ್ತು ಮಾತ್ರೆ ಪಟ್ಟಿ ಎರಡನ್ನೂ ಎದುರಿಗೆ ಇಟ್ಟುಕೊಳ್ಳಿ

ಪರೀಕ್ಷೆಗೆ ಓಡುವ ಮೊದಲು ಈಗಾಗಲೇ ಎಷ್ಟು ಡಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೂಡಿಸಿ ನೋಡಿ. ಒಂದು ಪೆನ್ನು, ಒಂದು ಚೀಟಿ ಸಾಕು.

ನಮ್ಮ ದೇಶದಲ್ಲಿ ಬಸುರಿಯರಿಗೆ ದಿನಕ್ಕೆ ಬೇಕು ಎಂದು ಹೇಳಿರುವುದು 600 ಯೂನಿಟ್. ಡಾಕ್ಟರ್ ಹೇಳದೆ ದಾಟಬಾರದ ಗೆರೆ 4,000 ಯೂನಿಟ್. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಜೊತೆ 250 ಯೂನಿಟ್ ಡಿ3 (ವಿಟಮಿನ್ ಡಿಯ ಒಂದು ಬಗೆ) ಇರುತ್ತದೆ. 14ನೇ ವಾರದಿಂದ ದಿನಕ್ಕೆ ಎರಡು, ಹೆರಿಗೆಯಾಗಿ ಆರು ತಿಂಗಳವರೆಗೆ. ಎರಡೂ ತಪ್ಪದೆ ತಿಂದರೆ 500 ಯೂನಿಟ್ ಆಯಿತು. ಹೆಚ್ಚುಕಡಿಮೆ ದಿನದ ಲೆಕ್ಕ ಅಲ್ಲಿಗೇ ತುಂಬಿತು. "ಸರ್ಕಾರಿ ಮಾತ್ರೆ ಅಲ್ವಾ" ಎಂದು ಅದನ್ನು ಡಬ್ಬಿಯಲ್ಲೇ ಬಿಟ್ಟು, ಅಂಗಡಿಯಿಂದ ದುಬಾರಿ ಪುಡಿ ತರುವವರನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಹೊರಗೆ ಕೊಳ್ಳುವ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಡಿ ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಮಲ್ಟಿವಿಟಮಿನ್, ಬಸುರಿಯರ ಪ್ರೋಟೀನ್ ಪುಡಿ, ಎಲ್ಲವನ್ನೂ ಸೇರಿಸಿ. ಮೈಕ್ರೋಗ್ರಾಂ ಎಂದಿದ್ದರೆ 40ರಿಂದ ಗುಣಿಸಿ. 10 ಮೈಕ್ರೋಗ್ರಾಂ ಅಂದರೆ 400 ಯೂನಿಟ್.

ತಿನ್ನುವ ಹೊತ್ತು ಕೂಡ ಮುಖ್ಯ. ಡಿ ಕರಗುವುದು ಎಣ್ಣೆಯಂಶದಲ್ಲಿ. ಊಟದ ನಂತರ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯನ್ನು ಒಟ್ಟಿಗೆ ನುಂಗಬೇಡಿ. ನಡುವೆ ಎರಡು ಗಂಟೆಯಾದರೂ ಇರಲಿ. ನಾನು ಬೆಳಗಿನ ತಿಂಡಿ ಮತ್ತು ರಾತ್ರಿ ಊಟದ ಮೇಲೆ ಕ್ಯಾಲ್ಸಿಯಂ, ಮಧ್ಯಾಹ್ನ ಊಟವಾದ ಮೇಲೆ ಕಬ್ಬಿಣ ಎಂದು ಇಟ್ಟುಕೊಂಡಿದ್ದೆ.

ಪರೀಕ್ಷೆ ಬೇಕಾ ಬೇಡವಾ

ಎಲ್ಲರಿಗೂ ಬೇಡ. ಆದರೆ ಮೊದಲ ಹೆರಿಗೆ ಬೇಗ ಆಗಿದ್ದರೆ, ತೂಕ ತುಂಬಾ ಜಾಸ್ತಿ ಇದ್ದರೆ, ಹೊರಗೆ ಕಾಲಿಡುವುದೇ ಅಪರೂಪವಾಗಿದ್ದರೆ, ಹೊರಗೆ ಹೋಗುವಾಗ ಮೈಯೆಲ್ಲ ಮುಚ್ಚಿಕೊಳ್ಳುವ ಪದ್ಧತಿ ಇದ್ದರೆ, ಅಪಸ್ಮಾರ ಅಥವಾ ಟಿಬಿಯ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ನಮ್ಮ ಕಡೆ ಮನೆಯ ಒಳ ಚಾವಡಿಯಲ್ಲಿ ದಿನವಿಡೀ ಬೀಡಿ ಕಟ್ಟುತ್ತಾ ಕೂರುವ ಹೆಂಗಸರು ಎಷ್ಟೋ ಜನ. ಅವರಿಗೆ ಇದು ಇನ್ನೂ ಮುಖ್ಯ. ಹಾಗೆಯೇ ಹೊಗೆಸೊಪ್ಪಿನ ದೂಳು ಬಸುರಿಗೆ ಒಳ್ಳೆಯದಲ್ಲ ಎಂಬುದನ್ನೂ ಡಾಕ್ಟರಿಗೆ ನೆನಪಿಸಿ, ಕೆಲಸದ ಮಾತು ತೆಗೆಯಿರಿ.

ಮಾಡಿಸಬೇಕಾದದ್ದು 25-ಹೈಡ್ರಾಕ್ಸಿ ವಿಟಮಿನ್ ಡಿ ಪರೀಕ್ಷೆ. 1,25 ಎಂದು ಇನ್ನೊಂದಿದೆ, ಅದು ಈ ಕೆಲಸಕ್ಕೆ ಬರುವುದಿಲ್ಲ. ಬಸುರಿನಲ್ಲಿ ಅದು ತಾನಾಗಿಯೇ ಎರಡು ಮೂರು ಪಟ್ಟು ಏರಿರುತ್ತದೆ. ಬರೀ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಲ್ಯಾಬಿನವರಿಗೆ ಮೊದಲೇ ತಿಳಿಸಿ. ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನು ಸುಳ್ಳಾಗಿ ಮೇಲೆ ತೋರಿಸುತ್ತದೆ.

ರಿಪೋರ್ಟ್ ಕೈಗೆ ಬಂದಾಗ ಅಂಕಿಗಿಂತ ಮೊದಲು ಅದರ ಪಕ್ಕದ ಅಳತೆ ನೋಡಿ. ನ್ಯಾನೋಗ್ರಾಂ (ng/mL) ಲೆಕ್ಕದಲ್ಲಿ 20 ಮತ್ತು ನ್ಯಾನೋಮೋಲ್ (nmol/L) ಲೆಕ್ಕದಲ್ಲಿ 50, ಎರಡೂ ಒಂದೇ. ನಮ್ಮ ಪಕ್ಕದ ಮನೆಯ ಹುಡುಗಿ ತನ್ನದು 48, ನನ್ನದು ಬರೀ 22 ಎಂದು ನನ್ನ ಬಗ್ಗೆ ಮರುಗಿದ್ದಳು. ಇಬ್ಬರ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅವಳದು ನ್ಯಾನೋಮೋಲ್. ಎರಡೂವರೆಯಿಂದ ಭಾಗಿಸಿದಾಗ 19 ಬಂತು. ನ್ಯಾನೋಗ್ರಾಂ ಲೆಕ್ಕದಲ್ಲಿ 20ಕ್ಕಿಂತ ಕೆಳಗಿದ್ದರೆ ಕೊರತೆ ಎಂದು ಹೆಚ್ಚಿನ ಡಾಕ್ಟರುಗಳು ನೋಡುತ್ತಾರೆ. 20 ದಾಟಿದರೆ ಬಹುತೇಕ ಎಲ್ಲರಿಗೂ ಸಾಕು ಎಂದು ಕೆಲವರು, 30 ಇರಲಿ ಎಂದು ಕೆಲವರು.

ಬಿಸಿಲು: ಎಳೆಯದ್ದಲ್ಲ, ಹಪ್ಪಳ ಒಣಗುವಂಥದ್ದು

"ಬೆಳಗಿನ ಎಳೆ ಬಿಸಿಲಿಗೆ ಕೂತುಕೋ" ಎಂದು ನನ್ನ ಅತ್ತೆ ದಿನಾ ಏಳು ಗಂಟೆಗೆ ಜಗಲಿಗೆ ಕುರ್ಚಿ ಹಾಕಿಡುತ್ತಿದ್ದರು. ಪ್ರೀತಿಯಿಂದಲೇ. ಮನಸ್ಸಿಗೆ ಅದು ಹಿತ. ಆದರೆ ಚರ್ಮದಲ್ಲಿ ಡಿ ಹುಟ್ಟಲು ಬೇಕಾದ ಕಿರಣ ಆ ಹೊತ್ತಿಗೆ ನೆಲ ಮುಟ್ಟುವುದು ತೀರಾ ಕಡಿಮೆ. ಸೂರ್ಯ ಕೆಳಗಿದ್ದಾಗ ಆ ಕಿರಣ ಗಾಳಿಯ ಪದರದಲ್ಲೇ ತಡೆದುಹೋಗುತ್ತದೆ.

ಅಂಗಳದಲ್ಲಿ ನಿಂತು ನಿಮ್ಮ ನೆರಳು ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಆಯಿತೆಂದರೆ ಡಿ ತಯಾರಾಗುವ ಹೊತ್ತು. ಮಂಗಳೂರು, ಉಡುಪಿಯಲ್ಲಿ ಏಪ್ರಿಲಿನಲ್ಲಿ ಇದು ಒಂಬತ್ತೂವರೆಗೇ ಆಗುತ್ತದೆ. ಡಿಸೆಂಬರಿನಲ್ಲಿ ಹತ್ತೂಮುಕ್ಕಾಲು ಆಗಬೇಕು. ಅತ್ತೆಗೆ ಇದನ್ನು ಹೇಗೆ ವಿವರಿಸುವುದು ಎಂದು ಯೋಚಿಸಿ ಕೊನೆಗೆ ಹೇಳಿದೆ: "ಹಲಸಿನ ಹಪ್ಪಳ ಹಾಕುವ ಬಿಸಿಲು ಬೇಕಂತೆ ಅತ್ತೆ." ಮಾರನೇ ದಿನದಿಂದ ಕುರ್ಚಿ ಹತ್ತು ಗಂಟೆಗೆ ತಾರಸಿಗೆ ಹೋಯಿತು, ಹಪ್ಪಳದ ಚಾಪೆಯ ಪಕ್ಕಕ್ಕೆ.

ವಾರದಲ್ಲಿ ಮೂರು ನಾಲ್ಕು ದಿನ, ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ. ನಮ್ಮದು ಕಂದು ಮೈಬಣ್ಣ, ಬಿಳಿಯರಿಗಿಂತ ಹೊತ್ತು ಜಾಸ್ತಿ ಬೇಕು. ಮೊಣಕೈ ಮೇಲಿನವರೆಗೆ ಕೈ, ಮೊಣಕಾಲಿನವರೆಗೆ ಕಾಲು ತೆರೆದಿರಲಿ. ಮುಖಕ್ಕೆ ಸೆರಗು ಮುಚ್ಚಿಕೊಳ್ಳಿ, ಏನೂ ನಷ್ಟವಿಲ್ಲ. ಬಸುರಿನಲ್ಲಿ ಮುಖಕ್ಕೆ ಬಂಗು ಬೇಗ ಬರುತ್ತದೆ, ಬಿಸಿಲಿಗೆ ಅದು ಕಪ್ಪಾಗುತ್ತದೆ. ಕಿಟಕಿ ಗಾಜಿನ ಹಿಂದೆ ಕೂತರೆ, ಕಾರಿನೊಳಗೆ ಕೂತರೆ ಉಪಯೋಗವಿಲ್ಲ. ಗಾಜು ಆ ಕಿರಣವನ್ನೇ ತಡೆಯುತ್ತದೆ. ಮೈ ಮುಚ್ಚಿಕೊಳ್ಳುವ ಪದ್ಧತಿ ಇರುವ ಮನೆಯಲ್ಲಿ ತಾರಸಿಗೆ ಒಂದು ಬದಿ ಸೀರೆ ಕಟ್ಟಿ ಮರೆ ಮಾಡಿಕೊಳ್ಳಬಹುದು. ನನ್ನ ಬ್ಯಾರಿ ಗೆಳತಿಯೊಬ್ಬಳು ಹಾಗೇ ಮಾಡಿದ್ದಳು.

ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆ ನಿಮಗೆ ಗೊತ್ತೇ ಇದೆ. ನೀರಿನ ಬಾಟಲಿ ಪಕ್ಕದಲ್ಲಿರಲಿ. ತಲೆ ಸುತ್ತಿದರೆ, ಎದೆ ಬಡಿದರೆ ತಕ್ಷಣ ಒಳಗೆ ಬನ್ನಿ. ಅರ್ಧ ಗಂಟೆಯನ್ನು ಎರಡು ಗಂಟೆ ಮಾಡಿದರೆ ಡಿ ನಾಲ್ಕು ಪಟ್ಟು ಆಗುವುದಿಲ್ಲ. ಒಂದು ಹಂತದ ನಂತರ ಚರ್ಮ ತಾನೇ ನಿಲ್ಲಿಸುತ್ತದೆ.

ತಟ್ಟೆಯಲ್ಲಿ ಏನಿದೆ

ಮೀನು ತಿನ್ನುವವರು ಪುಣ್ಯವಂತರು. ಬೂತಾಯಿ, ಬಂಗುಡೆ ಎರಡೂ ಕೊಬ್ಬಿನ ಮೀನು, ಡಿ ಇರುವುದೇ ಆ ಕೊಬ್ಬಿನಲ್ಲಿ. ವಾರಕ್ಕೆ ಎರಡು ಮೂರು ಸಲ ತಿನ್ನಿ. ಗಸಿ ಅಥವಾ ಪುಳಿಮುಂಚಿ ಮಾಡಿದರೆ ಕೊಬ್ಬು ಸಾರಿನಲ್ಲೇ ಉಳಿಯುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಹುರಿದರೆ ಸ್ವಲ್ಪ ಬಾಣಲೆಗೆ ಹೋಗುತ್ತದೆ. ಸಣ್ಣ ಮೀನಿನಲ್ಲಿ ಪಾದರಸದ ಭಯವೂ ಕಡಿಮೆ. ಶಾರ್ಕ್ ಬೇಡ, ಅಂಜಲನ್ನು ಅಪರೂಪಕ್ಕೆ ಇಟ್ಟುಕೊಳ್ಳಿ. ಕಾಡ್ ಲಿವರ್ ಎಣ್ಣೆಯ ಮಾತ್ರೆಯೂ ಬಸುರಿನಲ್ಲಿ ಬೇಡ. ಅದರಲ್ಲಿರುವ ವಿಟಮಿನ್ ಎ ಜಾಸ್ತಿಯಾದರೆ ಮಗುವಿಗೆ ಹಾನಿ.

ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್. ಮಾತೃಪೂರ್ಣ ಊಟಕ್ಕೆ ಅಂಗನವಾಡಿಗೆ ಹೋಗುವವರು ಮೊಟ್ಟೆ ಬಿಡಬೇಡಿ.

ಸಸ್ಯಾಹಾರಿಗಳಿಗೆ ಊಟದಿಂದ ಸಿಗುವುದು ನಿಜಕ್ಕೂ ಕಡಿಮೆ. ಪ್ಯಾಕೆಟ್ ಹಾಲು, ಎಣ್ಣೆಯ ಮೇಲೆ +ಎಫ್ ಗುರುತಿದ್ದರೆ ಅದಕ್ಕೆ ಎ ಮತ್ತು ಡಿ ಸೇರಿಸಿದ್ದಾರೆ ಎಂದರ್ಥ. ಹಾಗೆ ಬಲಪಡಿಸಿದ ಹಾಲಿನಲ್ಲಿ ಲೀಟರಿಗೆ 200ರಿಂದ 300 ಯೂನಿಟ್ ಇರುತ್ತದೆ. ಅರ್ಧ ಲೀಟರ್ ಕುಡಿದರೂ 100ರಿಂದ 150. ಹಟ್ಟಿಯ ಹಾಲು, ಗಾಣದ ತೆಂಗಿನೆಣ್ಣೆ ಎಷ್ಟೇ ಶುದ್ಧವಾಗಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಡೆಯ ಅಡುಗೆಯೆಲ್ಲ ತೆಂಗಿನೆಣ್ಣೆಯಲ್ಲೇ ಅಲ್ವಾ, ಹಾಗಾಗಿ ಸಸ್ಯಾಹಾರಿ ಬಸುರಿಯರು ಮಾತ್ರೆಯನ್ನೇ ನಂಬಬೇಕು. ಡಿ3ಯನ್ನು ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುತ್ತಾರೆ, ಮೆತ್ತನೆ ಕ್ಯಾಪ್ಸೂಲಿನ ಹೊದಿಕೆ ಜೆಲಾಟಿನ್. ಮಡಿಯ ಮನೆಯವರಿಗೆ ಇದು ಅಡ್ಡಿಯಾದರೆ ಡಿ2 ಅಥವಾ ಕಲ್ಲುಹೂವಿನಿಂದ ತೆಗೆದ ಡಿ3 ಸಿಗುತ್ತದೆಯೇ ಎಂದು ಕೇಳಿ. ಸುಮ್ನೆ ಮಾತ್ರೆ ಬಿಟ್ಟುಬಿಡಬೇಡಿ.

ಮಳೆಗಾಲಕ್ಕೆ ಮೇ ತಿಂಗಳಲ್ಲೇ ಸಿದ್ಧತೆ

ನಮ್ಮೂರಿನ ಕಷ್ಟ ಇರುವುದು ಇಲ್ಲಿ. ಜೂನ್ ಬಂತೆಂದರೆ ಮೋಡ ಮುಚ್ಚುತ್ತದೆ, ಸೆಪ್ಟೆಂಬರ್ ತನಕ ಬಿಸಿಲಿಗೆ ಗ್ಯಾರಂಟಿ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಕಟ್ಟಿ ನಿಲ್ಲುತ್ತವೆ, ತಾಜಾ ಬೂತಾಯಿ ಸಿಕ್ಕರೂ ರೇಟು ಕೇಳಿ ವಾಪಸ್ ಬರಬೇಕು. ಬಿಸಿಲು, ಮೀನು ಎರಡೂ ಒಟ್ಟಿಗೆ ಕೈಕೊಡುವ ಕಾಲ ಇದು. ರಕ್ತದಲ್ಲಿರುವ ಡಿ ಎರಡು ಮೂರು ವಾರಕ್ಕೆ ಅರ್ಧಕ್ಕಿಳಿಯುವ ವಸ್ತು. ಬೇಸಿಗೆಯ ದಾಸ್ತಾನು ಆಟಿ ತಿಂಗಳವರೆಗೆ (ಜುಲೈ–ಆಗಸ್ಟ್) ಬಾಳುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಆ ಜುಲೈಯಲ್ಲಿ ನಾನು ಎರಡು ತಿಂಗಳಿಂದ ಅಂಗಳಕ್ಕೇ ಇಳಿದಿರಲಿಲ್ಲ.

ನಿಮ್ಮ ಬಸುರಿನ ತಿಂಗಳುಗಳು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬೀಳುವುದಾದರೆ ಮೇ ತಿಂಗಳ ಚೆಕಪ್‌ನಲ್ಲೇ ಕೇಳಿ: "ಮಳೆಗಾಲಕ್ಕೆ ಮಾತ್ರೆ ಸ್ವಲ್ಪ ಹೆಚ್ಚಿಸಬೇಕಾ?" ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಕು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಒಣಮೀನಿನಿಂದ ಸರಿದೂಗಿಸಲು ಹೋಗಬೇಡಿ, ಉಪ್ಪು ಜಾಸ್ತಿ. ಬಿಪಿ ಇರುವವರಿಗಂತೂ ಬೇಡವೇ ಬೇಡ.

60,000ದ ಸ್ಯಾಚೆಟ್ ಬಗ್ಗೆ ಒಂದು ಮಾತು

ಇದನ್ನು ದಯವಿಟ್ಟು ಎರಡು ಸಲ ಓದಿ. ಸಕ್ಕರೆಯಂತೆ ಕಾಣುವ ಪುಡಿಯ ಆ ಸಣ್ಣ ಪೊಟ್ಟಣದಲ್ಲಿ 60,000 ಯೂನಿಟ್ ಇರುತ್ತದೆ. ಅಂದರೆ 600ರ ಲೆಕ್ಕದಲ್ಲಿ ನೂರು ದಿನದ್ದು. ಕೊರತೆ ಇದ್ದವರಿಗೆ ಡಾಕ್ಟರು ವಾರಕ್ಕೊಂದರಂತೆ ಕೆಲವು ವಾರ ಬರೆಯುವುದುಂಟು. ನನ್ನ ನಾದಿನಿಗೆ ಐದನೇ ತಿಂಗಳಲ್ಲಿ ಬರೆದಿದ್ದರು. ಅಂಗಡಿಯವರು ಕಂದು ಕವರಿನ ಮೇಲೆ ಬರೆದುಕೊಟ್ಟದ್ದು "1-0-0" ಮಾತ್ರ. ವಾರಕ್ಕೊಮ್ಮೆ ಎಂಬ ಮಾತು ಇರಲಿಲ್ಲ. ಅವಳು ದಿನಾ ಬೆಳಿಗ್ಗೆ ಹಾಲಿಗೆ ಹಾಕಿ ಕುಡಿದಳು. ಐದನೇ ದಿನ ಖಾಲಿ ಪೊಟ್ಟಣ ಕಸದ ಬುಟ್ಟಿಯಲ್ಲಿ ಸಾಲಾಗಿ ಬಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಮೂರು ಲಕ್ಷ ಯೂನಿಟ್! ಅದೇ ದಿನ ಡಾಕ್ಟರ ಹತ್ತಿರ ಓಡಿದೆವು. ರಕ್ತದ ಕ್ಯಾಲ್ಸಿಯಂ ನೋಡಿದರು, ಸದ್ಯ ಸರಿಯಾಗಿತ್ತು. ತಿಂಗಳುಗಟ್ಟಲೆ ಪೂರ್ತಿ ನಿಲ್ಲಿಸಿದರು.

ಡಿ ಅತಿಯಾದರೆ ಕ್ಯಾಲ್ಸಿಯಂ ಏರುತ್ತದೆ. ವಾಕರಿಕೆ, ಮಲಬದ್ಧತೆ, ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು. ಎಲ್ಲವೂ ಬಸುರಿಯರಿಗೆ ಇದ್ದದ್ದೇ ಎನಿಸುವ ತೊಂದರೆಗಳು. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಸ್ಯಾಚೆಟ್ ಬರೆದುಕೊಟ್ಟರೆ ಡಾಕ್ಟರ ಎದುರೇ ಗೋಡೆ ಕ್ಯಾಲೆಂಡರಿನ ಲೆಕ್ಕ ಕೇಳಿಕೊಳ್ಳಿ: ಯಾವ ವಾರ, ಒಟ್ಟು ಎಷ್ಟು, ಯಾವಾಗ ನಿಲ್ಲಿಸಬೇಕು. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಸುತ್ತು ಹಾಕಿ. ಅಕ್ಕನಿಗೆ ಬರೆದ ಪೊಟ್ಟಣ ನೀವು ತಿನ್ನಬೇಡಿ. ಕಿಡ್ನಿ ಕಲ್ಲು ಆಗಿದ್ದವರು ಮೊದಲೇ ಹೇಳಿ.

ಬೇಗ ಹೆರಿಗೆಯಾಗುವ ಲಕ್ಷಣಗಳು ಮನೆಯವರಿಗೂ ಗೊತ್ತಿರಲಿ

ಡಿ ಎಷ್ಟೇ ಚೆನ್ನಾಗಿದ್ದರೂ ಮಗು ಬೇಗ ಬರಬಹುದು. ಮೂತ್ರದ ಸೋಂಕು, ರಕ್ತಹೀನತೆ, ಬಿಪಿ, ಸಕ್ಕರೆ, ಅವಳಿ ಮಕ್ಕಳು, ಗರ್ಭಕೋಶದ ಬಾಯಿ ಗಿಡ್ಡವಾಗಿರುವುದು, ಹಿಂದಿನ ಹೆರಿಗೆ ಬೇಗ ಆಗಿರುವುದು, ಇವೆಲ್ಲ ಡಿಗಿಂತ ದೊಡ್ಡ ಕಾರಣಗಳು. ವಿಟಮಿನ್ ಪರೀಕ್ಷೆಗೆ ದುಡ್ಡು ಹೊಂದಿಸಿ ಮೂತ್ರ ಪರೀಕ್ಷೆ ತಪ್ಪಿಸಿಕೊಳ್ಳುವುದು ಬೇಡ.

37 ವಾರದ ಮೊದಲು ಹೊಟ್ಟೆ ಲಯಬದ್ಧವಾಗಿ ಗಟ್ಟಿಯಾಗಿ ಬಿಡುವುದು, ಸೊಂಟದ ಕೆಳಗೆ ಬಿಟ್ಟು ಬಿಟ್ಟು ನೋವು, ಕೆಳಗೆ ಒತ್ತಿದಂತೆ ಆಗುವುದು, ನೀರು ಸೋರುವುದು, ರಕ್ತ ಕಾಣುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ನಾನು ಕಾದೆ. ರಾತ್ರಿ ಹತ್ತಕ್ಕೆ ಶುರುವಾದ ಸೊಂಟನೋವನ್ನು ವಾಯು ಎಂದುಕೊಂಡು ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದೆ. 34 ವಾರಕ್ಕಿಂತ ಮೊದಲೇ ನೋವು ಬಂದವರಿಗೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಪೂರ್ತಿ ಕೆಲಸ ಮಾಡಲು ಒಂದು ದಿನದ ಸಮಯ ಬೇಕು. ಒಂದು ರಾತ್ರಿ ಅಂದರೆ ಸಣ್ಣದಲ್ಲ.

ಮಂಗಳೂರಿನಲ್ಲಿ ಲೇಡಿಗೋಷನ್, ಉಡುಪಿಯಲ್ಲಿ ಸರ್ಕಾರಿ ತಾಯಿ ಮಕ್ಕಳ ಆಸ್ಪತ್ರೆ ಇದೆ. ಬೈಂದೂರು, ಸುಳ್ಯ, ಬೆಳ್ತಂಗಡಿಯ ಒಳಊರಿನವರು ಮಳೆಗೆ ಮೊದಲೇ ದಾರಿ ಯೋಚಿಸಿಡಿ: ತೋಡು ಉಕ್ಕಿದರೆ ಯಾವ ರಸ್ತೆ, ಯಾರ ಗಾಡಿ. 108 ನಂಬರ್ ಅತ್ತೆ ಮಾವನ ಫೋನಿನಲ್ಲೂ ಇರಲಿ.

ಮಗು ಬಂದ ಮೇಲೆ

ಹುಟ್ಟುವ ಮಗುವಿನ ಡಿ ದಾಸ್ತಾನು ಪೂರ್ತಿ ತಾಯಿಯಿಂದ ಬಂದದ್ದು. ಎದೆಹಾಲು ಎಲ್ಲದರಲ್ಲೂ ಶ್ರೇಷ್ಠ, ಡಿ ಮಾತ್ರ ಅದರಲ್ಲಿ ಕಡಿಮೆ. ಅದಕ್ಕೇ ಮಕ್ಕಳ ಡಾಕ್ಟರು ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಬರೆಯುತ್ತಾರೆ, ಒಂದು ವರ್ಷದವರೆಗೆ. ಬೇಗ ಹುಟ್ಟಿದ ಮಗುವಿಗೆ ಎಷ್ಟು, ಯಾವಾಗಿನಿಂದ ಎಂದು ಅವರೇ ಹೇಳುತ್ತಾರೆ. ಎಣ್ಣೆ ಹಚ್ಚಿ ಬೆಳಿಗ್ಗೆ ಬಿಸಿಲಿಗೆ ಮಲಗಿಸಿದರೆ ಡ್ರಾಪ್ಸ್ ಬೇಡ ಎಂದು ಅಜ್ಜಿಯರು ಹೇಳಿದರೂ ನಿಲ್ಲಿಸಬೇಡಿ. ಬಾಣಂತಿ ಕೋಣೆಯ ಕತ್ತಲೆಯಲ್ಲಿ ನಲವತ್ತು ದಿನ ಇರುವಾಗ ನಿಮ್ಮ ಕ್ಯಾಲ್ಸಿಯಂ ಮಾತ್ರೆಯೂ ಮುಂದುವರಿಯಲಿ.

ಡ್ರಾಪ್ಸ್ ಬಾಟಲಿ ಎರಡು ಥರ ಬರುತ್ತದೆ. ಒಂದರಲ್ಲಿ ಒಂದು ಮಿಲಿಗೆ 400 ಯೂನಿಟ್, ಇನ್ನೊಂದರಲ್ಲಿ 800. ಮೊದಲನೆಯದಾದರೆ ಒಂದು ಮಿಲಿ, ಎರಡನೆಯದಾದರೆ ಅರ್ಧ. ಹೊಸ ಬಾಟಲಿ ತಂದಾಗಲೆಲ್ಲ ಲೇಬಲ್ ಓದಿ. ನಾನು ಡ್ರಾಪರಿನ ಸರಿಯಾದ ಗೆರೆಗೆ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗುರುತು ಹಾಕಿಟ್ಟಿದ್ದೆ. ರಾತ್ರಿ ನಿದ್ದೆಗಣ್ಣಿನಲ್ಲಿ ನನ್ನ ಗಂಡನಿಗೂ ಅದು ಕಾಣುತ್ತಿತ್ತು.